ಶುಗರ್ ಎಷ್ಟಿದೆ ಎಂದು ಕೇಳಿದ ಮೇಲೆ

ಇಲ್ಲಿ ಬ್ರಿಟನ್ನಿನ ನಮ್ಮ ಕನ್ನಡ ಸಂಘದ ಪತ್ರಿಕೆಯ ರಾಜ್ಯೋತ್ಸವ ಸಂಚಿಕೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ನಾಡು-ನುಡಿಯ ಬಗ್ಗೆ ಬರೆಯಲು ಕುಳಿತರೆ, ಭಾನುವಾರ ಊರಿಗೆ ವಿಡಿಯೋ ಕರೆ ಮಾಡಿದ ಮೇಲೆ ಮಗಳು ಕೇಳಿದ ಮಾತೇ ತಲೆಯಲ್ಲಿ ಸುತ್ತುತ್ತಿದೆ: "ತಾತ ಯಾಕೆ ನನ್ನನ್ನು ನೋಡದೆ ಪಕ್ಕಕ್ಕೆ ನೋಡಿಕೊಂಡು ಮಾತನಾಡುತ್ತಾರೆ?"

ಅಪ್ಪನ ನೋಟದ ನಡುಭಾಗ ಮಸುಕಾಗಿದೆ. ಓರೆಯಾಗಿ ನೋಡಿದರೆ ಮಾತ್ರ ಅವಳ ಮುಖ ಒಂದಿಷ್ಟು ಕಾಣುತ್ತದೆ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಕೆಟ್ಟು, ಸೋರಿ, ನಡುವೆ ಊತ ಬಂದಿದೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಆ ಕಣ್ಣಿಗೆ ಮರ್ಯಾದೆಯಿತ್ತು. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಹರಾಜಿಗೆ ಮೊದಲೇ ಹೋಗಿ, ರೈತರು ಸುರಿದ ರಾಶಿಗೆ ಮೊಣಕೈವರೆಗೆ ಕೈ ಹಾಕಿ ಅಡಿಯಿಂದ ಒಂದು ಹಿಡಿ ಗೂಡು ಎತ್ತುತ್ತಿದ್ದರು. ಒಂದನ್ನು ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ಕಿವಿಯ ಬಳಿ ಅಲ್ಲಾಡಿಸಿ, ಮತ್ತೊಂದನ್ನು ಬೆಳಕಿಗೆ ಹಿಡಿದು ಕಲೆ ನೋಡಿ, ಬೆಲೆ ಎಷ್ಟರವರೆಗೆ ಕೂಗಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. ಮನೆಯಲ್ಲಿ ಬಿಸಿನೀರಿನಲ್ಲಿ ಕುಣಿಯುವ ಗೂಡಿನ ಎಳೆ ಕಡಿದರೆ ಮುಸ್ಸಂಜೆಯ ಬೆಳಕಿನಲ್ಲೂ ತುದಿ ಹುಡುಕಿ ಸೇರಿಸುತ್ತಿದ್ದರು. ಬೆಂದ ಹುಳುವಿನ ವಾಸನೆಯ ಅಂಗಿಯಲ್ಲೇ ನಮ್ಮನ್ನು ಬೋಂಡಾ ಕೊಡಿಸಲು ಬಸ್ ನಿಲ್ದಾಣದವರೆಗೆ ಕರೆದೊಯ್ಯುತ್ತಿದ್ದರು.

ಈಗ ಅವರು ಜಗಲಿಯಲ್ಲೂ ಕೂರುವುದಿಲ್ಲ. ಎದುರಿಗೆ ಬಂದವರ ಗುರುತು ಹತ್ತದಿದ್ದರೆ ಗರ್ವ ಎಂದುಕೊಂಡಾರು ಎಂಬ ಅಳುಕು. ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ವಯಸ್ಸಾಯಿತಲ್ಲ ಎನ್ನುತ್ತಾರೆ ನೆಂಟರು. ಬರೀ ವಯಸ್ಸು ಎಂದು ನಾನು ಒಪ್ಪುವುದಿಲ್ಲ. ಮಧುಮೇಹಿಗಳಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ದೃಷ್ಟಿಯೂ ಕೈಕೊಟ್ಟರೆ ಆ ಭಾರ ಇನ್ನೂ ಏರುತ್ತದೆ. ಮನಸ್ಸು ಕುಗ್ಗಿದವರು ನಡಿಗೆ ಬಿಡುತ್ತಾರೆ, ಮಾತ್ರೆ ತಪ್ಪಿಸುತ್ತಾರೆ, ಸಕ್ಕರೆ ಏರಿ ಕಣ್ಣು ಮತ್ತಷ್ಟು ಕೆಡುತ್ತದೆ. ಲೇಸರ್‌ನಿಂದ, ಕಣ್ಣಿನೊಳಗೆ ಕೊಡುವ ಚುಚ್ಚುಮದ್ದಿನಿಂದ ಉಳಿದ ದೃಷ್ಟಿಯನ್ನು ಕಾಪಾಡಿಕೊಳ್ಳಬಹುದು. ಆದರೆ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಬೇಕು. ಯಾವುದರಲ್ಲೂ ಮನಸ್ಸಿಲ್ಲದವರನ್ನು ಹೊರಡಿಸುವುದು ಹೇಗೆ?

ಊರಿಗೆ ಫೋನ್ ಮಾಡಿದಾಗ ಶುಗರ್ ಎಷ್ಟಿದೆ ಎಂದು ಕೇಳಿ ಸುಮ್ಮನಾಗಬೇಡಿ. ನಿದ್ದೆ ಬಂತೇ, ಯಾರಾದರೂ ಮಾತಿಗೆ ಸಿಕ್ಕಿದ್ದರೇ, ಏನು ಬೇಸರ ಎಂದೂ ಕೇಳಿ. ಅಲ್ಲಿರುವವರಿಗೆ 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ: ಉಚಿತ, 24 ಗಂಟೆಯೂ ಉಂಟು, ಕನ್ನಡದಲ್ಲೇ ಮಾತನಾಡಬಹುದು. ತಮ್ಮ ಮೊನ್ನೆ ಅಪ್ಪನ ಪಕ್ಕದಲ್ಲೇ ಕುಳಿತು ಕರೆ ಮಾಡಿಸಿದ. ಮುಂದಿನ ವಾರ ಮನೋವೈದ್ಯರ ಬಳಿ ಹೋಗಲು ಒಪ್ಪಿದ್ದಾರೆ.

ಇಲ್ಲಿ ಬ್ರಿಟನ್ನಿನಲ್ಲಿ 12 ವರ್ಷ ತುಂಬಿದ ಮಧುಮೇಹಿಗಳಿಗೆ ಕಣ್ಣಿನ ತಪಾಸಣೆಯ ಪತ್ರ ಮನೆಗೇ ಬರುತ್ತದೆ. ಚೆನ್ನಾಗಿಯೇ ಕಾಣುತ್ತಿದೆಯಲ್ಲ ಎಂದು ಅದನ್ನು ಪಕ್ಕಕ್ಕಿಡಬೇಡಿ. ಆರಂಭದಲ್ಲಿ ಈ ಕಣ್ಣಿನ ರೋಗ ಸುಳಿವೇ ಕೊಡುವುದಿಲ್ಲ.

ಇನ್ನು ತುರ್ತು ಸೂಚನೆಗಳು. ರಾಜ್ಯೋತ್ಸವದ ನೃತ್ಯಕ್ಕೆ ಮಕ್ಕಳ ಹೆಸರು ಶುಕ್ರವಾರದೊಳಗೆ ಬರಲಿ. ಬಿಸಿಬೇಳೆಬಾತಿಗೆ ಎರಡು ದೊಡ್ಡ ಪಾತ್ರೆ ಬೇಕು. ಈ ಶನಿವಾರ ಕನ್ನಡ ತರಗತಿ ಇಲ್ಲ. ನವೆಂಬರ್ 14, ವಿಶ್ವ ಮಧುಮೇಹ ದಿನದ ಸಂಜೆ ನಮ್ಮ ವೈದ್ಯ ಸದಸ್ಯರ ಮಾತು, ಹಿರಿಯರನ್ನು ಕರೆತನ್ನಿ. ತಪಾಸಣೆಗೆ ಕಣ್ಣಿಗೆ ಹನಿ ಹಾಕಿಸಿಕೊಂಡವರು ಕೆಲವು ಗಂಟೆ ಕಾರು ಓಡಿಸುವಂತಿಲ್ಲ. ಅವರನ್ನು ಕರೆದೊಯ್ದು ಮನೆಗೆ ಬಿಡಲು ಜನ ಬೇಕು. ಪತ್ರಿಕೆಯ ಪುಟ ಜೋಡಿಸುವುದಕ್ಕೂ ಒಬ್ಬರು ಬೇಕು, ನನ್ನೊಬ್ಬನಿಂದ ಆಗುತ್ತಿಲ್ಲ. ವಾರದ ದಿನಗಳಲ್ಲಿ ಬಿಡುವಿರುವವರು ದಯವಿಟ್ಟು ಇಂದೇ ಹೆಸರು ಕೊಡಿ.