ಇನ್ನೂ ಮೂರು ವರ್ಷ ಕಲಿಯಬೇಕು, ಅಜ್ಜಿ

ಲಂಡನ್

ಪ್ರೀತಿಯ ಅಜ್ಜಿಗೆ ನಮಸ್ಕಾರಗಳು.

ಮೊನ್ನೆ ಫೋನಿನಲ್ಲಿ ಕೇಳಿದಿರಿ, ಭರತನಾಟ್ಯ ಕಲಿತವಳಿಗೆ ಈ ಬ್ಯಾಲೆ ಹುಚ್ಚು ಯಾಕೆ ಅಂತ. ಉತ್ತರ ಹೇಳುವಷ್ಟರಲ್ಲಿ ಅಮ್ಮ ಫೋನ್ ತೆಗೆದುಕೊಂಡರು. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಬ್ಯಾಲೆಯನ್ನೇ ವೃತ್ತಿ ಮಾಡಿಕೊಳ್ಳುವವರು 16ಕ್ಕೆ ಪೂರ್ತಿ ಹೊತ್ತಿನ ಶಾಲೆ ಸೇರುತ್ತಾರೆ. ಮೂರು ವರ್ಷದ ಕಲಿಕೆ. ಬರುವ ವರ್ಷ ನನಗೂ 16. ಆಡಿಷನ್ ಕೊಡಬೇಕು ಅಂತ ತುಂಬಾ ಆಸೆ. ಅಪ್ಪನಿಗೆ ಫೀಸಿನ ಯೋಚನೆ, ಅದಕ್ಕಿಂತ ಜಾಸ್ತಿ ಮುಂದೇನು ಅನ್ನುವ ಯೋಚನೆ.

ನಿಮ್ಮ ಹತ್ತಿರ ಕಲಿತ, ಮಂಡಿ ಬಾಗಿಸಿ ಅರ್ಧ ಕೂತಂತೆ ನಿಲ್ಲುವ ಅರಮಂಡಿ ಇಲ್ಲೂ ಕೈಹಿಡಿದಿದೆ. ಸೊಂಟದಿಂದಲೇ ಮಂಡಿ ಹೊರಗೆ ತಿರುಗಿಸುವುದು ನನಗೆ ಮೊದಲೇ ಬರುತ್ತಿತ್ತು. ಕಷ್ಟವಾಗಿದ್ದು ನೆಗೆತ. ನಿಮ್ಮ ಕಾವಿ ನೆಲದ ಮೇಲೆ ಪಾದ ತಟ್ಟುವ ತಟ್ಟಡವು ಮಾಡಿದರೆ ಸದ್ದು ಬೀದಿಗೆ ಕೇಳಬೇಕು ಅನ್ನುತ್ತಿದ್ದಿರಿ ಅಲ್ವಾ? ಇಲ್ಲಿ ಎಷ್ಟೇ ಎತ್ತರ ಹಾರಿದರೂ ಇಳಿಯುವಾಗ ಸದ್ದಾಗಬಾರದು. ಮೊದಲು ಬೆರಳು, ಆಮೇಲೆ ಅಂಗಾಲು, ಕೊನೆಗೆ ಹಿಮ್ಮಡಿ. ಜೊತೆಗೇ ಮಂಡಿ ಬಾಗಬೇಕು. ಟೀಚರ್ ಒಮ್ಮೊಮ್ಮೆ ನಮಗೆ ಬೆನ್ನು ಮಾಡಿ ನಿಂತು, ಬರೀ ಕಿವಿಯಲ್ಲೇ ತಪ್ಪು ಹಿಡಿಯುತ್ತಾರೆ. ಸದ್ದಿಲ್ಲದೆ ಇಳಿದ ದಿನ ಆಗುವ ಖುಷಿ ಹೇಳೋಕಾಗಲ್ಲ ಅಜ್ಜಿ.

ಬೆರಳತುದಿಯ ಮೇಲೆ ನಿಂತು ಕುಣಿಯಲು ಹಾಕುವ ಪಾಯಿಂಟ್ ಶೂ ಒಳಗೆ ಮರದ ತುಂಡು ಇರುತ್ತಾ ಅಂತ ತಾತ ಕೇಳಿದ್ದರು. ಇಲ್ಲ. ಬಟ್ಟೆಯ ಪದರಗಳಿಗೆ ಅಂಟು ಹಾಕಿ ಗಟ್ಟಿ ಮಾಡಿರುತ್ತಾರೆ. ಬೆವರಿಗೆ ಅದು ಮೆತ್ತಗಾದರೆ ಹೊಸ ಜೋಡಿ ಬೇಕು. ಮೊದಲೆಲ್ಲ ಸಿಗುತ್ತಿದ್ದುದು ಹೆಚ್ಚಾಗಿ ಗುಲಾಬಿ ಬಣ್ಣದ್ದೇ. ನಮ್ಮಂಥ ಮೈಬಣ್ಣದವರು ಅದರ ಮೇಲೆ ಮೇಕಪ್ ಬಳಿಯಬೇಕಿತ್ತು. 2018ರಲ್ಲಿ ಫ್ರೀಡ್ ಕಂಪನಿ ಕಪ್ಪು ಮತ್ತು ಏಷ್ಯಾ ಮೂಲದ ನರ್ತಕರಿರುವ ಇಲ್ಲಿನ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದು ಬಣ್ಣದ ಶೂ ತಂದಿತು. ನನ್ನವೂ ಕಂದು. ಕನ್ನಡಿಯಲ್ಲಿ ಸೊಂಟದಿಂದ ಬೆರಳತುದಿವರೆಗೆ ಕಾಲು ಒಂದೇ ಗೆರೆಯಾಗಿ ಕಾಣುತ್ತದೆ.

ನಿಮ್ಮ ನಾಡಿನ ನೃತ್ಯ ಕಲಿಯಿರಿ ಅಂತ ಭರತನಾಟ್ಯದ ರುಕ್ಮಿಣಿ ದೇವಿಗೆ ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೊವಾ ಅವರೇ ಹೇಳಿದ್ದರಲ್ಲ, ಅನ್ನುತ್ತಾರೆ ಅಪ್ಪ. ನಿಜ. ಆದರೆ ರುಕ್ಮಿಣಿ ದೇವಿ ಪಾವ್ಲೊವಾ ತಂಡದ ಕ್ಲಿಯೋ ನಾರ್ಡಿ ಹತ್ತಿರ ಬ್ಯಾಲೆಯನ್ನೂ ಕಲಿತಿದ್ದರು. ನಾನೂ ಏನನ್ನೂ ಬಿಟ್ಟಿಲ್ಲ. ಭಾನುವಾರ ನೀವು ಕೊಟ್ಟ ಗೆಜ್ಜೆ ಕಟ್ಟಿ ಭರತನಾಟ್ಯದ ಮೊದಲ ನೃತ್ಯ ಅಲರಿಪು ಮಾಡುತ್ತೇನೆ.

ಫೀಸಿನ ಮಾತಿಗೆ ಬಂದರೆ, ದೆಹಲಿಯ ಇ-ರಿಕ್ಷಾ ಚಾಲಕರೊಬ್ಬರ ಮಗ ಕಮಲ್ ಸಿಂಗ್ 2020ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಸ್ಕೂಲಿಗೆ ಬಂದಿದ್ದು ಜನ ಸೇರಿ ಕೊಟ್ಟ ಹಣದಿಂದ. ಸೀಟು ಸಿಕ್ಕರೆ ನಾನೂ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುತ್ತೇನೆ.

ನೀವು ಅಪ್ಪನ ಹತ್ತಿರ ಒಂದು ಮಾತು ಆಡಿ. ನಿಮ್ಮ ಮಾತು ಅವರು ತೆಗೆದುಹಾಕುವುದಿಲ್ಲ. ಸದ್ಯಕ್ಕೆ ಆಡಿಷನ್ ಅರ್ಜಿಗೆ ಅವರ ಸಹಿ ಸಿಕ್ಕರೆ ಸಾಕು.

ನಿಮ್ಮ ಮೊಮ್ಮಗಳು