ರೋಮಾ ಜನರ ಆಯಸ್ಸಿನ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಯುರೋಪಿನ ರೋಮಾ ಜನರ ಪೂರ್ವಿಕರು ಭಾರತದಿಂದ ಹೋದವರು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 2016ರಲ್ಲಿ ದೆಹಲಿಯಲ್ಲಿ ನಡೆದ ರೋಮಾ ಸಮ್ಮೇಳನದಲ್ಲಿ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಈ ರೋಮಾ ಜನರನ್ನು ಭಾರತದ ಮಕ್ಕಳು ಎಂದೇ ಕರೆದಿದ್ದರು. ಸಂತೋಷ. ಆದರೆ ಆ ಮಕ್ಕಳು ಅಲ್ಲಿ ಎಷ್ಟು ವರ್ಷ ಬದುಕುತ್ತಾರೆ ಎಂದೂ ಕೇಳಬೇಕಲ್ವಾ?

ಐರೋಪ್ಯ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 2021ರಲ್ಲಿ ಹಲವು ದೇಶಗಳಲ್ಲಿ ಸಮೀಕ್ಷೆ ಮಾಡಿತು. ರೋಮಾ ಹೆಂಗಸರ ಆಯಸ್ಸು ಉಳಿದ ಹೆಂಗಸರಿಗಿಂತ 11 ವರ್ಷ ಕಡಿಮೆ, ಗಂಡಸರದ್ದು 9 ವರ್ಷ ಕಡಿಮೆ. ಇದಕ್ಕೆ ಅವರ ಅಭ್ಯಾಸಗಳೇ ಕಾರಣ ಎಂದು ಸುಮ್ನೆ ಹೇಳಿಬಿಡುವುದು ಅನ್ಯಾಯ. ಅದೇ ಸಮೀಕ್ಷೆಯ ಪ್ರಕಾರ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರ ಮನೆಯೊಳಗೆ ನಲ್ಲಿಯೇ ಇಲ್ಲ. ಕೋವಿಡ್ ಬಂದಾಗ ಸ್ಲೊವಾಕಿಯಾದಲ್ಲಿ ಕೆಲವು ರೋಮಾ ಕೇರಿಗಳನ್ನು ಪೂರ್ತಿ ಬಂದ್ ಮಾಡಿದರು. ಕೈ ತೊಳೆಯಿರಿ ಎಂದು ಎಲ್ಲೆಡೆ ಸಾರುತ್ತಿದ್ದರು. ನೀರೆಲ್ಲಿತ್ತು?

ರೋಮಾ ಹೆಂಗಸರು ಆಸ್ಪತ್ರೆಗೆ ಹೋಗಲು ಹಿಂದೆಮುಂದೆ ನೋಡುತ್ತಾರೆ ಎಂದು ದೂರುವವರು ಒಂದು ಪ್ರಕರಣ ತಿಳಿಯಬೇಕು. 2000ದಲ್ಲಿ ಸ್ಲೊವಾಕಿಯಾದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಒಬ್ಬ ಹೆಣ್ಣುಮಗಳು ಹೆರಿಗೆ ನೋವು ತಿನ್ನುತ್ತಿದ್ದಳು. ಇನ್ನೊಮ್ಮೆ ಬಸುರಿಯಾದರೆ ನೀನಾದರೂ ಮಗುವಾದರೂ ಸಾಯುತ್ತೀರಿ ಎಂದು ಹೆದರಿಸಿ ಸಹಿ ಹಾಕಿಸಿಕೊಂಡರು. ಅದು ಸಂತಾನಹರಣ ಚಿಕಿತ್ಸೆಗೆ ಎಂದು ಆಕೆಗೆ ಗೊತ್ತೇ ಇರಲಿಲ್ಲ. ಕಡತದಲ್ಲಿ ಆಕೆಯ ಸಹಿ ನಡುಗಿದೆ, ಹೆಸರು ಎರಡು ತುಂಡಾಗಿದೆ. ರೋಮಾ ಮೂಲದವಳು ಎಂದೂ ಅದರಲ್ಲಿ ಬರೆದಿಟ್ಟಿದ್ದರು. 2011ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆಕೆಯ ಪರ ತೀರ್ಪು ಕೊಟ್ಟಿತು. ಸ್ಲೊವಾಕಿಯಾ ಸರ್ಕಾರ ಇಂಥ ಹೆಂಗಸರ ಕ್ಷಮೆ ಕೇಳಿದ್ದು 2021ರಲ್ಲಿ. ಇಂಥದ್ದನ್ನು ಕೇಳಿ ಬೆಳೆದ ಮಗಳು ಹೆರಿಗೆ ವಾರ್ಡಿಗೆ ಧೈರ್ಯವಾಗಿ ಹೇಗೆ ಹೋಗುತ್ತಾಳೆ?

ಕಳೆದುಹೋದ ನಂಬಿಕೆ ಮರಳಿ ಬರುವ ದಾರಿಯೂ ಇದೆ. ರೊಮೇನಿಯಾದಲ್ಲಿ ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ರೋಮಾ ಹೆಂಗಸರೇ ಕೆಲಸ ಮಾಡುತ್ತಾರೆ. 2002ರಿಂದ ಅದು ಸರ್ಕಾರಿ ಯೋಜನೆ. ಮನೆಮನೆಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕಿಸಲು ಹೇಳುತ್ತಾರೆ, ವೈದ್ಯರ ಬಳಿ ಹೆಸರು ನೋಂದಾಯಿಸಲು ನೆರವಾಗುತ್ತಾರೆ. ನನ್ನ ಮಟ್ಟಿಗೆ, ದೊಡ್ಡ ಆಸ್ಪತ್ರೆ ಕಟ್ಟುವುದಕ್ಕಿಂತ ಇಂಥವರಿಗೆ ಸರಿಯಾದ ಸಂಬಳ ಕೊಡುವುದು ಮೊದಲು ಆಗಬೇಕು.

ಆಯಸ್ಸಿನ ಈ ಅಂತರವನ್ನು 2030ರೊಳಗೆ ಕನಿಷ್ಠ ಅರ್ಧಕ್ಕೆ ಇಳಿಸುವ ಗುರಿಯನ್ನು ಒಕ್ಕೂಟ ಇಟ್ಟುಕೊಂಡಿದೆ. ಏಪ್ರಿಲ್ 8ರ ಅಂತರರಾಷ್ಟ್ರೀಯ ರೋಮಾ ದಿನದಂದು ಅವರ ಹಾಡು, ಕುಣಿತದ ಜೊತೆಗೆ ಈ ಗುರಿ ಎಲ್ಲಿಗೆ ಬಂತು ಎಂಬುದನ್ನೂ ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ಬರೆಯಿರಿ.

— ಒಬ್ಬ ಓದುಗ, ಧಾರವಾಡ