ವಿಷಯ: ಹೊಸದು ಅಂತ ನೀವು ಮಾರಿದ ರೀಫ್ ರಾಕ್‌ನಲ್ಲಿ ತಾಮ್ರ ಇದೆ, ದುಡ್ಡು ವಾಪಸ್ ಕೊಡಿ, ಬೇರೆ ಗ್ರಾಹಕರಿಗೂ ತಿಳಿಸಿ

ಕಸ್ಟಮರ್ ಕೇರ್ ಅವರಿಗೆ ಮತ್ತು ಅಂಗಡಿ ಮಾಲೀಕರಿಗೆ,

ನಮಸ್ಕಾರ. ನಿಮ್ಮ ವೆಬ್‌ಸೈಟಿಂದ ಜನವರಿಯಲ್ಲಿ, ಹವಳ ಇಡೋ ಉಪ್ಪು ನೀರಿನ ಟ್ಯಾಂಕಿಗೆ ಅಂತ 30 ಕೆಜಿ ರೀಫ್ ರಾಕ್ (ಅಂಥ ಟ್ಯಾಂಕಲ್ಲಿ ಜೋಡಿಸೋ ಕಲ್ಲು) ತರಿಸಿದ್ದೆ, ಕೆಜಿಗೆ 650 ರೂಪಾಯಿ ಅಂತ 19,500 ರೂಪಾಯಿ ಆಯ್ತು, ಕೊರಿಯರ್ ಚಾರ್ಜ್ ಬೇರೆ. ಆ ಪೇಜಲ್ಲಿ ನೀವು ಬರೆದಿರೋದು ಫ್ಯಾಕ್ಟರಿಯಲ್ಲಿ ತಯಾರಾದ ಕಲ್ಲು, ಸಮುದ್ರದಿಂದ ತೆಗೆದಿದ್ದಲ್ಲ, ಯಾವ ಟ್ಯಾಂಕಲ್ಲೂ ಬಳಸಿಲ್ಲ ಅಂತ. ನನ್ನ ಕೈಗೆ ಬಂದಿರೋ ಕಲ್ಲು ಈ ಮೂರಕ್ಕೂ ಉಲ್ಟಾ ಇದೆ. ಅದರಿಂದ ನನ್ನ ಟ್ಯಾಂಕಲ್ಲಿ ಸೀಗಡಿ, ಬಸವನಹುಳು ಎಲ್ಲಾ ಸತ್ತಿದೆ, ಇದನ್ನ ವಾಟ್ಸಾಪಲ್ಲಿ, ಫೋನಲ್ಲಿ, ಇಮೇಲಲ್ಲಿ ಹೇಳಿದ್ದಾಯ್ತು, ಪ್ರತಿ ಸಲ ನಿಮ್ಮ ಕಡೆಯವರು ಬೇರೆ ಬೇರೆ ಕಾರಣ ಹೇಳ್ತಾರೆ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ, ದಯವಿಟ್ಟು ಪೂರ್ತಿ ಓದಿ, ಅರ್ಧ ಓದಿ "ವಾಟರ್ ಚೇಂಜ್ ಮಾಡಿ ಸಾರ್" ಅಂತ ರಿಪ್ಲೈ ಹಾಕಬೇಡಿ.

ಟ್ಯಾಂಕ್ ಬಗ್ಗೆ ಮೊದಲು ಹೇಳ್ತೀನಿ, ಯಾಕಂದ್ರೆ ನಿಮ್ಮವರು ಕೈ ತೋರಿಸಿದ್ದು ಅದರ ಮೇಲೇನೇ. 4 ಅಡಿ ಉದ್ದ, 2 ಅಡಿ ಅಗಲ, 20 ಇಂಚು ಎತ್ತರ, 12 ಎಂಎಂ ಗ್ಲಾಸ್, ನಾನೇ ಕೂತು ಸಿಲಿಕಾನ್ ಹಾಕಿ ಅಂಟಿಸಿದ್ದು. ತುಂಬಾ ತುಂಬಿಸಿದ್ರೆ 377 ಲೀಟರ್ ಹಿಡಿಯುತ್ತೆ. ಸ್ಟ್ಯಾಂಡು ಎಂಎಸ್ ಪೈಪಲ್ಲಿ ವೆಲ್ಡ್ ಮಾಡಿಸಿ ಎಪಾಕ್ಸಿ ಪೇಂಟ್ ಹೊಡೆಸಿದ್ದೀನಿ, ಕೆಳಗೆ ಹಳೇ 3 ಅಡಿ ಟ್ಯಾಂಕಿಗೆ ಒಳಗೆ ಅಡ್ಡಗೋಡೆ ಹಾಕಿ ಸಂಪ್ (ನೀರು ಸೋಸೋ ಟ್ಯಾಂಕ್) ಮಾಡಿದ್ದೀನಿ, ಕೊಳೆ ತೆಗೆಯೋ ಸ್ಕಿಮ್ಮರ್ ಅಲ್ಲಿದೆ. ಪೈಪ್ ಎಲ್ಲಾ ಪಿವಿಸಿ, ಹೀಟರ್ ಟೈಟಾನಿಯಂ, ಚಿಲ್ಲರ್ ಒಳಗಿನ ಕಾಯಿಲೂ ಟೈಟಾನಿಯಮ್ಮೇ. ಟೈಟಾನಿಯಂ ಬಿಟ್ರೆ ಬೇರೆ ಲೋಹ ಅನ್ನೋದು ನೀರಿಗೆ ಎಲ್ಲೂ ತಾಗಲ್ಲ. ನಮ್ಮಲ್ಲಿ ಬರೋ ಬೋರ್ ನೀರು ಹಾಗೇ ಹಾಕೋಕಾಗಲ್ಲ ಅಂತ ಆರ್‌ಓ ಆದ್ಮೇಲೆ ಉಳಿದ ಲವಣ ತೆಗೆಯೋ ಡಿಐ ರೆಸಿನ್ ಕೂಡ ಇಟ್ಟಿದ್ದೀನಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ್ ಮೇಲೇ ಉಪ್ಪು ಕಲಸೋದು. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಂದ್ರೆ ಸಾಪೇಕ್ಷ ಸಾಂದ್ರತೆ 1.026 ಹತ್ರ, ಅದನ್ನ ಅಳೆಯೋ ರಿಫ್ರಾಕ್ಟೋಮೀಟರನ್ನ 35ರ ಕ್ಯಾಲಿಬ್ರೇಷನ್ ದ್ರಾವಣದಲ್ಲೇ ಸರಿಮಾಡಿಕೊಳ್ತೀನಿ, ಬರೀ ನೀರಲ್ಲಿ ಸೊನ್ನೆಗೆ ಸೆಟ್ ಮಾಡಿ ಬಿಟ್ಟಿಲ್ಲ.

ಇಷ್ಟೆಲ್ಲಾ ಮಾಡಿದ್ದು ಯಾಕೆ ಅಂದ್ರೆ ಮುರ್ಡೇಶ್ವರದ ಹತ್ರ ನೇತ್ರಾಣಿಯಲ್ಲಿ ಡೈವ್ ಮಾಡಿ ಹವಳ ಕಣ್ಣಾರೆ ನೋಡಿದ್ದೆ, ಅದರಲ್ಲಿ ಒಂದು ಚೂರೂ ಕಿತ್ತು ತರದೆ ಮನೇಲಿ ಅಂಥದ್ದೊಂದು ಜಾಗ ಮಾಡ್ಬೇಕು ಅಂತ ಆಸೆ. ನಮ್ಮ ದೇಶದಲ್ಲಿ ಕಲ್ಲು ಹವಳ, ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಎಲ್ಲಾ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿ ಇದೆ, ಹುಲಿ ಇರೋ ಅದೇ ಶೆಡ್ಯೂಲು. ಸತ್ತ ಹವಳದ ಅಸ್ಥಿಪಂಜರಕ್ಕೂ ಅದು ಅನ್ವಯ ಆಗುತ್ತೆ. ಹಾಗಾಗಿ ಸಮುದ್ರದಿಂದ ತೆಗೆದ ಲೈವ್ ರಾಕ್ ಬೇಡ, ಫ್ಯಾಕ್ಟರಿ ಕಲ್ಲೇ ಸಾಕು, ಹವಳದಲ್ಲೂ ಗಟ್ಟಿ ಅಸ್ಥಿಪಂಜರ ಇಲ್ಲದ ಜೋಆಂಥಿಡ್, ಮಶ್ರೂಮ್ ಅಷ್ಟೇ ಇಡೋಣ, ಮೀನು ಕೂಡ ಫಾರಮಲ್ಲಿ ಮರಿ ಮಾಡಿದ್ದೇ ಆಗ್ಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಕ್ಲೌನ್ ಮೀನನ್ನ ಮರಿ ಮಾಡಿಸೋದು ಹೇಗೆ ಅಂತ ತಮಿಳುನಾಡಿನ ಮಂಡಪಂ, ಕೇರಳದ ವಿಳಿಂಜಂನಲ್ಲಿರೋ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಕೇಂದ್ರಗಳು ತೋರಿಸಿಕೊಟ್ಟು ಎಷ್ಟೋ ವರ್ಷ ಆಯ್ತು, ಸಮುದ್ರದಿಂದ ಹಿಡ್ಕೊಂಡು ಬರೋ ಅಗತ್ಯಾನೇ ಇಲ್ಲ. ನಿಮ್ಮ ಕಲ್ಲು ತಗೊಂಡಿದ್ದೂ ಇದೇ ಕಾರಣಕ್ಕೆ, ಕಡಿಮೆ ರೇಟಿನವರು ಬೇರೆ ಇದ್ರು.

ಈಗ ಆಗಿದ್ದೇನು ಅಂತ ಹೇಳ್ತೀನಿ. ಕಲ್ಲು ಜೋಡಿಸಿ, ಅಮೋನಿಯಂ ಕ್ಲೋರೈಡ್ ಹಾಕಿ ಸೈಕಲ್ (ನೀರು ಶುದ್ಧ ಮಾಡೋ ಬ್ಯಾಕ್ಟೀರಿಯಾ ಬೆಳೆಸೋದು) ಶುರು ಮಾಡಿದೆ. ಬ್ಯಾಕ್ಟೀರಿಯಾ ಅಮೋನಿಯಾನ ನೈಟ್ರೈಟ್ ಮಾಡಿ, ಅದನ್ನ ನೈಟ್ರೇಟ್ ಮಾಡೋ ತನಕ ಒಂದು ಜೀವಾನೂ ಬಿಟ್ಟಿಲ್ಲ. 2 ಪಿಪಿಎಂ ಅಮೋನಿಯಾ ಹಾಕಿದ್ರೆ ಮಾರನೇ ದಿನಕ್ಕೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರ್ತಿದೆ ಅಂತ ಖಾತ್ರಿ ಆದ್ಮೇಲೆ ಒಂದು ಜೊತೆ ಕ್ಲೌನ್ ಬಿಟ್ಟೆ. ಅವು ಚೆನ್ನಾಗಿದ್ವು, ಈಗಲೂ ಚೆನ್ನಾಗಿವೆ, ತಿನ್ನುತ್ತೆ, ಓಡಾಡುತ್ತೆ. ಆಮೇಲೆ ಟರ್ಬೋ ಬಸವನಹುಳು ಬಿಟ್ಟೆ. ಗ್ಲಾಸ್ ಮೇಲೆ ಹತ್ತಬೇಕಿತ್ತು, ಹತ್ತಲೇ ಇಲ್ಲ. ಮರಳ ಮೇಲೆ ಅಂಗಾತ ಬಿದ್ದು, ಪಾದ ಅರ್ಧ ಹೊರಗೆ ಜೋತುಬಿಟ್ಟು, ಮುಟ್ಟಿದ್ರೆ ತುಂಬಾ ನಿಧಾನಕ್ಕೆ ಒಳಗೆ ಎಳ್ಕೊಳ್ತಿತ್ತು, ಎರಡನೇ ದಿನಕ್ಕೆ ಅದೂ ಇಲ್ಲ. ನೀರು ಟೆಸ್ಟ್ ಮಾಡಿದ್ರೆ ಎಲ್ಲಾ ನಾರ್ಮಲ್. ಹುಳು ಬರೋವಾಗ್ಲೇ ವೀಕ್ ಇರಬಹುದು ಅಂತ ಅನಿಸಿ ಸ್ವಲ್ಪ ವಾರ ಬಿಟ್ಟು ಕ್ಲೀನರ್ ಸೀಗಡಿ ತಂದೆ, ಬೆನ್ನ ಮೇಲೆ ಬಿಳಿ ಗೆರೆ ಇರೋ ಕೆಂಪು ಸೀಗಡಿ. ಟ್ಯಾಂಕ್ ನೀರನ್ನ ಗಂಟೆಗಟ್ಟಲೆ ಹನಿ ಹನಿಯಾಗಿ ಸೇರಿಸಿ ಒಗ್ಗಿಸಿ ಬಿಟ್ಟಿದ್ದು. ರಾತ್ರಿ ನೋಡಿದ್ರೆ ಆ ಉದ್ದ ಬಿಳಿ ಮೀಸೆಗಳು ಅಲ್ಲಾಡ್ತಾ ಇಲ್ಲ, ಬಂಡೆ ಸಂದಿಯಲ್ಲಿ ಪಕ್ಕಕ್ಕೆ ವಾಲಿದೆ, ಕಾಲು ಮಾತ್ರ ಸೆಳೀತಾ ಇದೆ. ಬೆಳಿಗ್ಗೆ ಹೊತ್ತಿಗೆ ಹೋಗಿತ್ತು. ಅದೇ ಅಂಗಡಿಯಿಂದ ಅದೇ ದಿನ ಅದೇ ಬ್ಯಾಚಲ್ಲಿ ನನ್ನ ಫ್ರೆಂಡ್ ತಗೊಂಡು ಹೋಗಿದ್ದು ಅವನ ಟ್ಯಾಂಕಲ್ಲಿ ಪೊರೆ ಬಿಟ್ಟು ದೊಡ್ಡದಾಗಿದೆ. ಜೋಆಂಥಿಡ್ ಅಂತೂ ಹಾಕಿದಾಗಿಂದ ಬಾಯಿ ತೆರೆದಿದ್ದೇ ಇಲ್ಲ, ಮುದುಡಿಕೊಂಡು ಹಾಗೇ ಕರಗಿಹೋಯ್ತು.

ಮೀನಿಗೆ ಏನೂ ಆಗದೆ ಬೆನ್ನೆಲುಬಿಲ್ಲದ ಜೀವಗಳು ಮಾತ್ರ ಸಾಯ್ತಿದೆ ಅಂದ್ರೆ ಈ ಫೀಲ್ಡಲ್ಲಿ ಇರೋ ಯಾರಿಗಾದ್ರೂ ಮೊದಲು ಹೊಳೆಯೋದು ತಾಮ್ರ. ನಿಮಗೂ ಹೊಳೆದಿರಬೇಕು. ಸಮುದ್ರದ ಮೀನಿಗೆ ಬರೋ ಬಿಳಿ ಚುಕ್ಕೆ ರೋಗ, ವೆಲ್ವೆಟ್ ರೋಗ ಎರಡಕ್ಕೂ ಔಷಧಿ ತಾಮ್ರಾನೇ, ಅಯಾನಿಕ್ ಕಾಪರ್ (ನೀರಲ್ಲಿ ಬಿಡಿಯಾಗಿ ಕರಗಿರೋ ತಾಮ್ರ) ಆದ್ರೆ ಸುಮಾರು ಲೀಟರಿಗೆ 0.15ರಿಂದ 0.25 ಮಿಲಿಗ್ರಾಂ ಇಡ್ತಾರೆ, ಮೀನು ತಡ್ಕೊಳ್ಳುತ್ತೆ, ರೋಗಾಣು ಸಾಯುತ್ತೆ. ಸೀಗಡಿ ತಡ್ಕೊಳ್ಳಲ್ಲ. ಸೀಗಡಿಯ ರಕ್ತದಲ್ಲೇ ಆಮ್ಲಜನಕ ಹೊರೋ ಕೆಲಸಕ್ಕೆ ತಾಮ್ರ ಇರುತ್ತೆ, ಆದ್ರೂ ನೀರಲ್ಲಿ ಬಿಡಿಯಾಗಿ ಸ್ವಲ್ಪ ಜಾಸ್ತಿ ಆದ್ರೆ ಕಿವಿರೇ ಹಾಳಾಗುತ್ತೆ. ಅದಕ್ಕೇ ಔಷಧಿ ಬಾಟ್ಲಿ ಮೇಲೆ ರೀಫ್ ಟ್ಯಾಂಕಿಗೆ ಹಾಕಬೇಡಿ ಅಂತ ಬರೆದಿರೋದು, ನಿಮ್ಮ ಅಂಗಡೀಲೇ ಆ ಬಾಟ್ಲಿಗಳು ಮಾರಾಟಕ್ಕಿವೆ.

ನಿಮ್ಮವರು ಮೊದಲು ಹೇಳಿದ್ದು ಸೈಕಲ್ ಆಗಿಲ್ಲ ಅಂತ. ಸೈಕಲ್ ಆಗದೆ ಅಮೋನಿಯಾ ಇದ್ದಿದ್ರೆ ಕ್ಲೌನ್ ಬದುಕ್ತಿತ್ತಾ, ಅದೂ 8.2 ಪಿಎಚ್ ಇರೋ ನೀರಲ್ಲಿ, ಅಲ್ಲಿ ಅಮೋನಿಯಾ ಇನ್ನೂ ಜಾಸ್ತಿ ವಿಷ. ಆಮೇಲೆ ಹೇಳಿದ್ದು ಅಕ್ಲಿಮೇಷನ್, ಅಂದ್ರೆ ಹೊಸ ನೀರಿಗೆ ಒಗ್ಗಿಸೋದು, ಸರಿ ಮಾಡಿಲ್ಲ ಅಂತ. ಕೊನೆಗೆ ನಿಮ್ಮ ಬಿಲ್ಡಿಂಗ್ ಪೈಪಲ್ಲಿ ತಾಮ್ರ ಇದೆ ಅಂತ. ನಮ್ಮ ಬಿಲ್ಡಿಂಗಲ್ಲಿ ಇರೋದು ಸಿಪಿವಿಸಿ ಪ್ಲಾಸ್ಟಿಕ್ ಪೈಪು, ಅದೂ ಆರ್‌ಓ ಡಿಐ ದಾಟಿ ಬರೋ ನೀರು.

ಸುಮ್ನೆ ವಾದ ಬೇಡ ಅಂತ ನಾನು ಪರೀಕ್ಷೆ ಮಾಡಿದೆ. ನಿಮ್ಮ ಕಲ್ಲಲ್ಲಿ ಟ್ಯಾಂಕಿಗೆ ಹಾಕದೆ ಡಬ್ಬದಲ್ಲೇ ಉಳಿದಿದ್ದ ತುಂಡುಗಳು ಇದ್ವು. ಒಂದೇ ಕಂಪನಿಯ ಎರಡು ಹೊಸ ಫುಡ್ ಗ್ರೇಡ್ ಬಕೆಟ್ ತಂದು, ಒಂದೇ ಸಲ ಕಲಸಿದ ಉಪ್ಪು ನೀರನ್ನ ಎರಡಕ್ಕೂ ಹಾಕಿ, ಒಂದರಲ್ಲಿ ಆ ತುಂಡು ಹಾಕಿದೆ, ಇನ್ನೊಂದನ್ನ ಹಾಗೇ ಬಿಟ್ಟೆ. ಎರಡರಲ್ಲೂ ಒಂದೇ ತರದ ಪಂಪು. ಎರಡು ವಾರ ಬಿಟ್ಟು ಎರಡೂ ಬಕೆಟಿನ ನೀರು ಮತ್ತೆ ಟ್ಯಾಂಕಿನ ನೀರು ಐಸಿಪಿ ಟೆಸ್ಟಿಗೆ (ನೀರಲ್ಲಿರೋ ಲೋಹ ಅಳೆಯೋ ಲ್ಯಾಬ್ ಪರೀಕ್ಷೆ) ಕಳಿಸಿದೆ. ಕಲ್ಲಿಲ್ಲದ ಬಕೆಟಲ್ಲಿ ತಾಮ್ರ ಪತ್ತೆಯೇ ಆಗಿಲ್ಲ. ಕಲ್ಲಿದ್ದ ಬಕೆಟಲ್ಲಿ ಲೀಟರಿಗೆ 88 ಮೈಕ್ರೋಗ್ರಾಂ. ಟ್ಯಾಂಕಲ್ಲಿ 62. ತೆರೆದ ಸಮುದ್ರದ ನೀರಲ್ಲಿ ಇದು ಒಂದು ಮೈಕ್ರೋಗ್ರಾಂ ಕೂಡ ಇರಲ್ಲ. ರಿಪೋರ್ಟ್ ಅಟ್ಯಾಚ್ ಮಾಡಿದ್ದೀನಿ, ಬಕೆಟ್ ಫೋಟೋ ತಾರೀಕಿನ ಸಮೇತ ಇದೆ. ಸಂಪಲ್ಲಿ ಕೊಳೆ, ಲೋಹ ಹೀರೋ ಪಾಲಿಫಿಲ್ಟರ್ ಪ್ಯಾಡ್ ಇಟ್ಟಿದ್ದೆ, ಬೇರೆ ಕೊಳೆ ಹೀರಿದ್ರೆ ಅದು ಕಂದು ಆಗುತ್ತೆ, ನನ್ನದು ಅಂಚಿಂದ ಒಳಗಿನ ತನಕ ನೀಲಿ ತಿರುಗಿದೆ, ತಾಮ್ರ ಇದ್ರೇನೇ ಆ ಬಣ್ಣ. ಅದರ ಫೋಟೋನೂ ಇದೆ.

ಹೊಸ ಕಲ್ಲಲ್ಲಿ ತಾಮ್ರ ಎಲ್ಲಿಂದ ಬರಬೇಕು? ಸುಣ್ಣದ ಕಲ್ಲು ತಾಮ್ರ ಇರೋ ನೀರಲ್ಲಿ ತಿಂಗಳುಗಟ್ಟಲೆ ಕೂತ್ರೆ ಅದನ್ನ ಹೀರ್ಕೊಂಡು ಇಟ್ಕೊಳ್ಳುತ್ತೆ, ಆಮೇಲೆ ಒಳ್ಳೇ ನೀರಿಗೆ ಹಾಕಿದಾಗ ನಿಧಾನಕ್ಕೆ ಬಿಡ್ತಾ ಹೋಗುತ್ತೆ. ಅಂದ್ರೆ ಇದು ನಿಮ್ಮ ಮೀನು ಇಡೋ ಸಿಸ್ಟಮಲ್ಲೋ ಬೇರೆ ಯಾರದೋ ಮೀನಿನ ಟ್ಯಾಂಕಲ್ಲೋ ಔಷಧಿ ನೀರಲ್ಲಿ ಇದ್ದ ಕಲ್ಲು. ಮೀನಿಗೆ ಔಷಧಿ ಕೊಡೋದು ತಪ್ಪಲ್ಲ, ನಾನು ಅದನ್ನ ಪ್ರಶ್ನೆ ಮಾಡ್ತಿಲ್ಲ. ಆ ಕಲ್ಲನ್ನ ಒಣಗಿಸಿ ಬ್ಲೀಚ್ ಮಾಡಿ ರೀಫಿಗೆ ಅಂತ ಮಾರಿದ್ದು ತಪ್ಪು. ಬ್ಲೀಚ್ ಹಾಕಿದ್ರೆ ಪಾಚಿ ಹೋಗುತ್ತೆ, ತಾಮ್ರ ಹೋಗಲ್ಲ. ಅದು ಬಳಸಿದ ಕಲ್ಲೇ ಅನ್ನೋದಕ್ಕೆ ಬೇರೆ ಸಾಕ್ಷಿನೂ ಇದೆ. ಕೆಳಭಾಗದಲ್ಲಿ ಕಾಳಿನ ಅರ್ಧದಷ್ಟೂ ಇಲ್ಲದ ಬಿಳಿ ಸುರುಳಿ ಕೊಳವೆಗಳು ಅಂಟಿವೆ, ಅದು ಕೊಳವೆ ಹುಳದ ಗೂಡು, ನೀರಲ್ಲಿ ಇದ್ದ ಕಲ್ಲಿಗೆ ಮಾತ್ರ ಅಂಟಿರುತ್ತೆ. ಒಂದೆರಡು ತುಂಡಿನ ಸಂದಿಯಲ್ಲಿ ಕೊರಲೈನ್ ಪಾಚಿಯ ಮಾಸಿದ ನೇರಳೆ ಪದರ ಇನ್ನೂ ಕೆರೆದ್ರೆ ಬರುತ್ತೆ.

ಇದಕ್ಕಿಂತ ನನಗೆ ಹೆಚ್ಚು ಬೇಜಾರಾಗಿದ್ದು ಇನ್ನೊಂದು. ಒಂದು ತುಂಡನ್ನ ಒಡೆದೆ, ಒಳಗೆ ಸಿಮೆಂಟ್ ತರದ ಒಂದೇ ಸಮ ಮಿಶ್ರಣ ಇರಬೇಕಿತ್ತು. ಅಲ್ಲಿ ಇದ್ದಿದ್ದು ಸಾಲು ಸಾಲು ಗುಂಡು ಗುಳಿ, ಪ್ರತಿ ಗುಳಿಯ ಒಳಗೆ ನಡುವಿನ ಕಡೆಗೆ ಬರೋ ತೆಳು ಗೋಡೆಗಳು, ಆರರ ಲೆಕ್ಕದಲ್ಲಿ. ಅದು ಕಲ್ಲು ಹವಳದ ಅಸ್ಥಿಪಂಜರ ಸಾರ್, ಯಾವ ಅಚ್ಚಲ್ಲೂ ಹಾಗೆ ಬರಲ್ಲ. ಕಾನೂನು ಪಾಲಿಸಬೇಕು, ಸಮುದ್ರದ್ದು ಬೇಡ ಅಂತ ದುಡ್ಡು ಜಾಸ್ತಿ ಕೊಟ್ಟು ತಗೊಂಡವನ ಮನೆಗೆ ನೀವು ಇದನ್ನ ಕಳಿಸಿದ್ದೀರ, ಬಿಲ್ಲಲ್ಲಿ ಫ್ಯಾಕ್ಟರಿ ಕಲ್ಲು ಅಂತ ಬರೆದು. ತಮಿಳುನಾಡಿನ ಮನ್ನಾರ್ ಕೊಲ್ಲಿಯ ದ್ವೀಪಗಳು 1986ರಿಂದ ಸಾಗರ ರಾಷ್ಟ್ರೀಯ ಉದ್ಯಾನ, ಅಲ್ಲಿ ಹಿಂದೆ ಸುಣ್ಣಕ್ಕೆ, ಕಟ್ಟಡಕ್ಕೆ ಅಂತ ಹವಳ ಅಗೆದು ಅಗೆದು ಎಷ್ಟು ಹಾಳು ಮಾಡಿದ್ರು ಅನ್ನೋದು ಗೊತ್ತಿರೋ ವಿಷಯಾನೇ. ಈ ಕಲ್ಲು ಎಲ್ಲಿಂದ ಬಂತು, ಯಾರು ಸಪ್ಲೈ ಮಾಡಿದ್ರು, ಯಾವ ಬಿಲ್ಲಲ್ಲಿ ಬಂತು, ಇದಕ್ಕೆ ನನಗೆ ಲಿಖಿತ ಉತ್ತರ ಬೇಕು. ಅರಣ್ಯ ಇಲಾಖೆಗೂ ಈ ತುಂಡಿನ ಫೋಟೋ ಕಳಿಸಿ ಬರೆದಿದ್ದೀನಿ, ಯಾಕಂದ್ರೆ ಅದು ನನ್ನ ಹತ್ರ ಇದೆ ಅನ್ನೋದನ್ನ ನಾನೇ ಹೇಳೋದು ಸರಿ.

ನಿಮ್ಮಿಂದ ನಾನು ಕೇಳ್ತಿರೋದು, 19,500 ಪೂರ್ತಿ ವಾಪಸ್, ಕೊರಿಯರ್ ಚಾರ್ಜ್ ಸಮೇತ. ಮರಳು ಕೂಡ ಇನ್ನು ಬಳಸೋಕಾಗಲ್ಲ, ನೀರು ಪೂರ್ತಿ ಚೆಲ್ಲಿ ಹೊಸ ಉಪ್ಪು ಕಲಸಬೇಕು, ಸತ್ತ ಸೀಗಡಿ, ಹುಳು, ಜೋಆಂಥಿಡ್, ಐಸಿಪಿ ಟೆಸ್ಟು, ಎಲ್ಲಾ ಸೇರಿ 16,800 ಆಗಿದೆ, ಬಿಲ್ಲುಗಳು ಇವೆ, ಅದನ್ನೂ ಕೊಡಬೇಕು. ಸ್ಟೋರ್ ಕ್ರೆಡಿಟ್ ಬೇಡ. ಬದಲಿ ಕಲ್ಲೂ ಬೇಡ. ಆ ಬ್ಯಾಚಲ್ಲಿ ಕಲ್ಲು ತಗೊಂಡ ಪ್ರತಿಯೊಬ್ಬರಿಗೂ ನೀವೇ ಮೆಸೇಜ್ ಮಾಡಿ ತಾಮ್ರ ಟೆಸ್ಟ್ ಮಾಡಿಸಿ ಅಂತ ಹೇಳಬೇಕು, ಇದನ್ನ ದುಡ್ಡಿಗಿಂತ ಮೊದಲು ಮಾಡಿ, ಇವತ್ತೇ ಮಾಡಿ. ಯಾರೋ ಒಬ್ಬರು ಮೊದಲ ಸಲ ಟ್ಯಾಂಕ್ ಇಟ್ಟು, ಹುಳು ಸತ್ತಾಗೆಲ್ಲಾ ನನ್ನ ಕೈಗುಣಾನೇ ಸರಿ ಇಲ್ಲ ಅಂದ್ಕೊಂಡು ಮತ್ತೆ ಮತ್ತೆ ತಂದು ಬಿಡ್ತಾ ಇರ್ತಾರೆ, ಆ ಜೀವಗಳು ಮತ್ತೆ ಮತ್ತೆ ಸಾಯ್ತಾ ಇರುತ್ತೆ. ಪೇಜಲ್ಲಿ ಆ ಪ್ರಾಡಕ್ಟ್ ಇನ್ನೂ "ಇನ್ ಸ್ಟಾಕ್" ಅಂತಾನೇ ತೋರಿಸ್ತಿದೆ, ಈ ಪತ್ರ ಬರೆಯೋ ಮುಂಚೆ ನೋಡಿದೆ. ತೆಗೀರಿ.

15 ದಿನದೊಳಗೆ ಉತ್ತರ ಬರದಿದ್ರೆ 1915 ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ, ಅಲ್ಲಿಂದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾನು ವಾಸ ಇರೋ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, 5 ಲಕ್ಷದ ಒಳಗಿನದ್ದಕ್ಕೆ ಫೀಸೂ ಇಲ್ಲ. ನಿಮ್ಮ ಊರಿಗೆ ಬಂದು ಹಾಕಬೇಕು ಅಂತ ನಿಮ್ಮ ಬಿಲ್ಲಿನ ಕೆಳಗೆ ಬರೆದಿರೋದನ್ನ ನಾನು ಓದಿದ್ದೀನಿ, ಅದಕ್ಕೆ ನಾನು ಒಪ್ಪಲ್ಲ.

ಕಲ್ಲುಗಳನ್ನ ಟ್ಯಾಂಕಿಂದ ತೆಗೆದು ಒಣಗಿಸಿ ಎರಡು ಮುಚ್ಚಿದ ಡ್ರಮ್ಮಲ್ಲಿ ಟೆರೇಸ್ ಮೇಲೆ ಇಟ್ಟಿದ್ದೀನಿ, ಒಡೆದ ತುಂಡು ಬೇರೆ ಕವರಲ್ಲಿದೆ. ಇಲಾಖೆಯವರು ಏನು ಹೇಳ್ತಾರೆ ಅನ್ನೋ ತನಕ ನಿಮಗೂ ವಾಪಸ್ ಕಳಿಸಲ್ಲ. ಪರೀಕ್ಷೆ ಮಾಡಬೇಕು ಅಂದ್ರೆ ನಿಮ್ಮವರನ್ನ ಮನೆಗೆ ಕಳಿಸಿ, ಭಾನುವಾರ ಪೂರ್ತಿ ಇರ್ತೀನಿ, ನನ್ನ ಎದುರೇ ನೀರು ತಗೊಂಡು ಹೋಗಿ ನಿಮಗೆ ಬೇಕಾದ ಲ್ಯಾಬಿಗೆ ಕೊಡಿ. ಬರೋ ಹಿಂದಿನ ದಿನ ಫೋನ್ ಮಾಡಿ.

ಇಂತಿ,
ಆರ್ಡರ್ ಮಾಡಿದ ಗ್ರಾಹಕ
ಬೆಂಗಳೂರು

ಲಗತ್ತು: ಬಿಲ್ಲು, ಪ್ರಾಡಕ್ಟ್ ಪೇಜಿನ ಸ್ಕ್ರೀನ್‌ಶಾಟ್, ಐಸಿಪಿ ರಿಪೋರ್ಟ್ ಮೂರು, ಬಕೆಟ್ ಮತ್ತು ಪ್ಯಾಡ್ ಫೋಟೋ, ಒಡೆದ ಕಲ್ಲಿನ ಫೋಟೋ, ವಾಟ್ಸಾಪ್ ಚಾಟ್